ನಿಮ್ಮ ಫೋನಿಗೆ ಅಪ್‌ಡೇಟ್ ಯಾಕೆ ನಿಲ್ಲುತ್ತೆ?

ಫೋನ್ ಚೆನ್ನಾಗೇ ಇರುತ್ತೆ. ಬ್ಯಾಟರಿ ನಿಲ್ಲುತ್ತೆ, ಸ್ಕ್ರೀನ್ ಒಡೆದಿಲ್ಲ. ಆದ್ರೆ ಸೆಕ್ಯುರಿಟಿ ಅಪ್‌ಡೇಟ್ ಬರೋದು ಮಾತ್ರ ನಿಂತುಹೋಗುತ್ತೆ. ಹೊಸ ಫೋನ್ ಮಾರೋಕೆ ಕಂಪನಿ ಹೀಗೆ ಮಾಡುತ್ತೆ ಅಂತ ನಾವು ಬೈಕೊಳ್ತೀವಿ. ಅದೂ ಇರಬಹುದು. ಆದ್ರೆ ಇನ್ನೊಂದು ಕಾರಣ ಫೋನಿನ ಒಳಗೇ ಇದೆ. ಅದರ ಹೆಸರು ಡ್ರೈವರ್. ಆ ಕೋಡ್ ನೋಡಿಕೊಳ್ಳೋದೇ ನನ್ನ ಕೆಲಸ.

ಆಂಡ್ರಾಯ್ಡ್‌ನ ಬುಡದಲ್ಲಿರೋದು ಲಿನಕ್ಸ್ ಕರ್ನಲ್. ವೈಫೈ ಚಿಪ್, ಟಚ್‌ಸ್ಕ್ರೀನ್, ಕ್ಯಾಮೆರಾ ಸೆನ್ಸರ್ ಇವುಗಳ ಜತೆ ಕರ್ನಲ್ ಮಾತಾಡೋದು ಡ್ರೈವರ್ ಮೂಲಕ. ಒಮ್ಮೆ ಬರೆದು ಓಡಿತು ಅಂದ್ರೆ ಕೆಲಸ ಮುಗೀತು ಅನ್ಸುತ್ತೆ, ಅಲ್ವಾ? ಮುಗಿಯಲ್ಲ. ಚಿಪ್ ಹಾಗೇ ಇರುತ್ತೆ, ಕರ್ನಲ್ ಬದಲಾಗ್ತಾನೇ ಇರುತ್ತೆ.

ಒಂದು ನಿಜವಾದ ಉದಾಹರಣೆ ಕೊಡ್ತೀನಿ. ಎಷ್ಟೋ ಡ್ರೈವರ್‌ಗಳು ಕರ್ನಲ್‌ಗೆ, ‘ಇಷ್ಟು ಹೊತ್ತಾದ ಮೇಲೆ ನನ್ನ ಈ ಫಂಕ್ಷನ್ ಕರಿ’ ಅಂತ ಹೇಳಿಟ್ಟಿರುತ್ತವೆ. ಇದು ಟೈಮರ್. ಹಳೆ ಪದ್ಧತಿಯಲ್ಲಿ ಯಾವ ಫಂಕ್ಷನ್ ಕರೀಬೇಕು, ಅದಕ್ಕೆ ಯಾವ ಮಾಹಿತಿ ಕೊಡಬೇಕು, ಎರಡನ್ನೂ ಒಂದೇ ಚೀಟಿಯಲ್ಲಿ ಬರೆದಿಟ್ಟ ಹಾಗೆ. ಮೆಮೊರಿ ದೋಷ ಹಿಡಿದು ಕಳ್ಳನೊಬ್ಬ ಆ ಚೀಟಿ ತಿದ್ದಿದ್ರೆ, ಕರ್ನಲ್ಲೇ ಅವನ ಕೆಲಸ ಮಾಡಿಕೊಡೋ ಅಪಾಯ ಇತ್ತು. ಅದಕ್ಕೇ 2017ರಲ್ಲಿ ಪದ್ಧತಿ ಬದಲಿಸಿದ್ರು. ಈಗ ಫಂಕ್ಷನ್‌ಗೆ ಸಿಗೋದು ಆ ಟೈಮರ್‌ನ ವಿಳಾಸ ಮಾತ್ರ, ಬೇಕಾದ ಮಾಹಿತಿಯನ್ನ ಡ್ರೈವರ್ ಅಲ್ಲಿಂದಲೇ ಹುಡುಕಿಕೊಳ್ಳುತ್ತೆ. 2018ರ ಜನವರಿಯಲ್ಲಿ ಬಂದ 4.15 ಆವೃತ್ತಿಯಲ್ಲಿ ಹಳೆ ದಾರಿ ಮುಚ್ಚಿಹೋಯ್ತು.

ಹಾಗಾದ್ರೆ ಅದನ್ನ ಬಳಸ್ತಿದ್ದ ಡ್ರೈವರ್‌ಗಳ ಗತಿ? ಲಿನಕ್ಸ್‌ನಲ್ಲಿ ಒಂದು ಒಳ್ಳೆ ರೂಢಿ ಇದೆ. ಪದ್ಧತಿ ಬದಲಿಸಿದವರೇ ಕರ್ನಲ್ ಒಳಗಿರೋ ಎಲ್ಲ ಡ್ರೈವರ್‌ಗಳನ್ನೂ ಸರಿಮಾಡಬೇಕು. ಇದಕ್ಕೆ ಕೋಕ್ಸಿನೆಲ್ ಅನ್ನೋ ಟೂಲ್ ಇದೆ. ಫ್ರೆಂಚ್‌ನಲ್ಲಿ ಹಾಗಂದ್ರೆ ಗುಲಗಂಜಿ ಹುಳ. ಒಂದು ನಿಯಮ ಬರೆದುಕೊಟ್ರೆ ನೂರಾರು ಫೈಲ್‌ಗಳಲ್ಲಿ ಹುಡುಕಿ ಅದೇ ತಿದ್ದುಪಡಿ ಮಾಡುತ್ತೆ.

ಆದ್ರೆ ಫೋನ್‌ಗಳ ಎಷ್ಟೋ ಡ್ರೈವರ್‌ಗಳು ಕರ್ನಲ್ ಒಳಗೆ ಇರೋದೇ ಇಲ್ಲ. ಚಿಪ್ ಕಂಪನಿ ಅವನ್ನ ತನ್ನ ಹತ್ರ ಇಟ್ಟುಕೊಂಡಿರುತ್ತೆ. ಇಂಥ ಬದಲಾವಣೆ ಬಂದಾಗ ಅವನ್ನ ತಿದ್ದೋರು ಯಾರೂ ಇರಲ್ಲ, ಹೊಸ ಕರ್ನಲ್ ಜತೆ ಅವು ಕಂಪೈಲ್ ಕೂಡ ಆಗಲ್ಲ. ಫೋನ್ ಹಳೆ ಕರ್ನಲ್‌ನಲ್ಲೇ ಉಳಿಯುತ್ತೆ. ಆ ಕರ್ನಲ್‌ಗೆ ದೋಷಗಳ ಪರಿಹಾರ ಬರೋದು ನಿಂತ ದಿನದಿಂದ, ಅದೇ ಫೋನಿನಲ್ಲಿರೋ ನಿಮ್ಮ ಯುಪಿಐಗೂ ಅಪಾಯ ಹೆಚ್ಚು.

ತಿದ್ದೋದು ಸುಲಭ ಅಂದ್ಕೋಬೇಡಿ. ಡ್ರೈವರ್‌ನಲ್ಲಿ ರಿಜಿಸ್ಟರ್ ಓದಿ, ಬಂದ ಉತ್ತರವನ್ನ ಎಲ್ಲೂ ಬಳಸದೇ ಬಿಟ್ಟಿರೋ ಸಾಲು ಸಿಗುತ್ತೆ. ನೋಡಿದ್ರೆ ದಂಡ, ಅಳಿಸಿಬಿಡೋಣ ಅನ್ಸುತ್ತೆ. ಆದ್ರೆ ಕೆಲವು ಚಿಪ್‌ಗಳಲ್ಲಿ ಓದಿದ್ರೆ ಮಾತ್ರ ಇಂಟರಪ್ಟ್ ಗುರುತು ಅಳಿಯುತ್ತೆ. ಆ ಸಾಲು ತೆಗೆದ್ರೆ ಕೋಡ್ ಚಂದ ಆಗುತ್ತೆ, ಸಾಧನ ಕೈಕೊಡುತ್ತೆ. ಅದಕ್ಕೇ ನಾವು ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಮಾಡ್ತೀವಿ. ಹೆಸರು ಬದಲಿಸೋದು ಬೇರೆ ಪ್ಯಾಚ್, ನಡವಳಿಕೆ ಬದಲಿಸೋದು ಬೇರೆ. ಏನಾದ್ರೂ ಕೆಟ್ಟರೆ ಯಾವ ಪ್ಯಾಚ್‌ನಿಂದ ಅಂತ ಹುಡುಕೋಕೆ ಆಗಬೇಕಲ್ಲ! ಕಾರಣವನ್ನೂ ಪ್ಯಾಚ್ ಜತೆಗೇ ಬರೀತೀವಿ. ಐದು ವರ್ಷ ಬಿಟ್ಟು ಅದನ್ನ ಓದೋರು ನಮಗೆ ಪರಿಚಯವೇ ಇಲ್ಲದವರು, ಅವರ ಕೈಯಲ್ಲಿ ಆ ಚಿಪ್ ಇರುತ್ತೆ ಅನ್ನೋ ಖಾತ್ರಿಯೂ ಇಲ್ಲ.

ಕೊನೆಗೆ ಎರಡು ಮಾತು. ಫೋನ್ ಕೊಳ್ಳೋವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋ ಹಾಗೇ, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಕೊಡ್ತೀರಿ ಅಂತಲೂ ಕೇಳಿ. ಸಿ ಭಾಷೆ ಕಲೀತಿರೋ ವಿದ್ಯಾರ್ಥಿಗಳು ಲಿನಕ್ಸ್ ಕರ್ನಲ್‌ನ ಡ್ರೈವರ್ಸ್ ಫೋಲ್ಡರ್ ಒಳಗೆ ಸ್ಟೇಜಿಂಗ್ ಅನ್ನೋ ಫೋಲ್ಡರ್ ತೆರೆದು ನೋಡಿ. ಇನ್ನೂ ಹದಕ್ಕೆ ಬರದ ಡ್ರೈವರ್‌ಗಳು ಅಲ್ಲಿವೆ, ಏನೇನು ಸರಿಮಾಡಬೇಕು ಅನ್ನೋ ಪಟ್ಟಿಯೂ ಜತೆಗಿದೆ. ಒಂದನ್ನ ಆರಿಸ್ಕೊಳ್ಳಿ, ಸಣ್ಣದೊಂದು ಪ್ಯಾಚ್ ಮಾಡಿ, ಇಮೇಲ್‌ನಲ್ಲಿ ಕಳಿಸಿ. ಪ್ಯಾಚ್ ಸರಿಯಿದ್ರೆ ಸಾಕು, ನಿಮ್ಮ ಡಿಗ್ರಿ ಯಾವುದು ಅಂತ ಅಲ್ಲಿ ಯಾರೂ ಕೇಳಲ್ಲ.