ಹಗ್ಗದ ಇನ್ನೊಂದು ತುದಿ

ಹಾಸನ ಸೀಮೆಯ ಯಾವುದೋ ಹೋಬಳಿಯ ದನದ ಆಸ್ಪತ್ರೆ ಎಂದುಕೊಳ್ಳೋಣ. ಬೆಳಗಿನ ಒಂಬತ್ತೂವರೆ. ಟ್ರೆವಿಸ್‌ನ ಕಂಬಿಗಳ ನಡುವೆ ಒಂದು ಸೀಮೆಹಸು, ಅದರ ಹಗ್ಗ ಹಿಡಿದು ನಿಂತ ಅಜ್ಜಿ, ಕೊರಳಲ್ಲಿ ಸ್ಟೆತಾಸ್ಕೋಪ್ ತೂಗಿಸಿಕೊಂಡ ಇಂಟರ್ನಿ ಹುಡುಗಿ. ಇನ್ನು ಕೆಲವೇ ತಿಂಗಳಲ್ಲಿ ಅವಳು ಡಾಕ್ಟರು. ಜ್ವರ ನೋಡಿದ್ದಾಯಿತು. ಎಡಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹೊಟ್ಟೆ ಎಷ್ಟು ಸಲ ಅಲುಗುತ್ತದೆಂದು ಎಣಿಸಿದ್ದೂ ಆಯಿತು. ಎರಡು ದಿನದಿಂದ ಮೇವು ಮೂಸಿ ಬಿಡುತ್ತಿದೆ, ಮೆಲುಕು ಇಲ್ಲ. ಅಜೀರ್ಣ ಎಂದು ಪುಡಿ ಬರೆಯಲು ಹೊರಟಾಗ ಅಜ್ಜಿ ತನ್ನಷ್ಟಕ್ಕೇ ಅಂದಳು: "ಇಳಿಜಾರು ಇಳಿಯಾಕೆ ಒಲ್ಲೆ ಅಂತದೆ ಕಣವ್ವ. ಮೊದ್ಲು ಹಿಂಗಿರ್ಲಿಲ್ಲ."

ಹಿಂದೆ ರಿಜಿಸ್ಟರ್ ಬರೆಯುತ್ತಿದ್ದ ಹಿರಿಯ ವೈದ್ಯರ ಪೆನ್ನು ನಿಂತಿತು. "ಮನೆ ಕಟ್ಟಿಸ್ತಿದ್ದೀರಾ ಅಜ್ಜಿ?"

"ಹೂಂ ಸಾಮಿ, ಮಗ ಮೋಲ್ಡು ಹಾಕಿಸ್ತಾವ್ನೆ."

ಹಸು ಮೇವನ್ನು ಮೊದಲು ಗಬಗಬ ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ಮೇವಿನಲ್ಲಿ ಸೇರಿದ ಬೈಂಡಿಂಗ್ ತಂತಿಯ ತುಣುಕು ಅದಕ್ಕೆ ಗೊತ್ತೇ ಆಗುವುದಿಲ್ಲ. ತಂತಿ ಹೋಗಿ ಕೂರುವುದು ಜೇನುಗೂಡಿನಂಥ ಒಳಮೈ ಇರುವ ಎರಡನೇ ಹೊಟ್ಟೆಯಲ್ಲಿ. ಅದರ ಮುಂದೆ ವಪೆ, ವಪೆಯ ಆಚೆ ಹೃದಯ. ಇಳಿಜಾರಿನಲ್ಲಿ ಹೊಟ್ಟೆಯ ಭಾರ ಮುಂದಕ್ಕೆ ವಾಲಿದಾಗ ತಂತಿ ಚುಚ್ಚುತ್ತದೆ, ಹಸು ನಿಂತುಬಿಡುತ್ತದೆ. ಈ ಕಾಯಿಲೆಯ ಬಗ್ಗೆ ಪರೀಕ್ಷೆಯಲ್ಲಿ ಕೇಳಿದ್ದರೆ ಆ ಹುಡುಗಿ ಎರಡು ಪುಟ ಬರೆಯುತ್ತಿದ್ದಳು. ಅವಳ ಬಳಿ ಉತ್ತರವಿತ್ತು. ಮನೆ ಕಟ್ಟಿಸುತ್ತಿದ್ದೀರಾ ಎಂಬ ಪ್ರಶ್ನೆ ಇರಲಿಲ್ಲ.

ಪಶುವೈದ್ಯ ಪದವಿ ಐದೂವರೆ ವರ್ಷದ್ದು. ಭಾರತೀಯ ಪಶುವೈದ್ಯ ಪರಿಷತ್ತಿನ 2016ರ ನಿಯಮಗಳ ಪ್ರಕಾರ ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. 1958ರಲ್ಲಿ ಶುರುವಾದ ಹೆಬ್ಬಾಳದ ಕಾಲೇಜಾಗಲಿ, ಆಮೇಲೆ ಬಂದ ಬೀದರ್, ಹಾಸನ, ಶಿವಮೊಗ್ಗ, ಗದಗದ ಕಾಲೇಜುಗಳಾಗಲಿ, ಎಲ್ಲ ಕಡೆಯೂ ಇದೇ ಚೌಕಟ್ಟು. ಅಂಗರಚನೆ, ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಅಂಕಪಟ್ಟಿಯಲ್ಲಿ ಒಂದೊಂದು ಸಾಲಿದೆ. ಅಜ್ಜಿಯ ಮಾತಿಗೆ ಕಿವಿಗೊಡುವ ವಿದ್ಯೆಗೆ ಅಲ್ಲಿ ಪ್ರತ್ಯೇಕ ಸಾಲು ಕಾಣುವುದಿಲ್ಲ. ನಿಜವಾದ ವೃತ್ತಿಯ ಅರ್ಧ ಭಾಗ ಇರುವುದು ಮಾತ್ರ ಅಲ್ಲೇ, ಹಗ್ಗದ ಇನ್ನೊಂದು ತುದಿ ಹಿಡಿದು ನಿಂತವರ ಹತ್ತಿರ.

ಮೊದಲು ಕೈಯ ವಿಚಾರ. ದನದ ಡಾಕ್ಟರಿಗೆ ಊರು ಅಂಕ ಕೊಡುವುದು ಗಬ್ಬ ಪರೀಕ್ಷೆಯಲ್ಲಿ. ಭುಜದವರೆಗೆ ಕೈಚೀಲ ತೊಟ್ಟು, ಗುದದ್ವಾರದಿಂದ ಕೈ ಹಾಕಿ, ಕರುಳಿನ ಗೋಡೆಯ ಈಚೆಯಿಂದಲೇ ಗರ್ಭಕೋಶವನ್ನು ತಡವಿ ಹೇಳಬೇಕು. ಪಳಗಿದ ಕೈಗೆ ಒಂದೂವರೆ ಎರಡು ತಿಂಗಳ ಗಬ್ಬ ಸಿಗುತ್ತದೆ, ಹೊಸ ಕೈಗೆ ಸಗಣಿ ಬಿಟ್ಟು ಬೇರೇನೂ ಸಿಗುವುದಿಲ್ಲ. ತೊಡಕೆಂದರೆ, ಶಿಷ್ಯನ ಬೆರಳು ಒಳಗೆ ಎಲ್ಲಿದೆ ಎಂದು ಗುರುವಿಗೆ ಕಾಣುವುದಿಲ್ಲ, ಗುರುವಿಗೆ ಸಿಕ್ಕಿದ್ದು ಏನೆಂದು ಶಿಷ್ಯನಿಗೆ ತಿಳಿಯುವುದಿಲ್ಲ. ಈ ಕತ್ತಲೆಯ ಪಾಠಕ್ಕೆ ಬ್ರಿಟನ್ನಿನ ಪಶುವೈದ್ಯೆ ಸಾರಾ ಬೇಲಿ ಒಂದು ದಾರಿ ಹುಡುಕಿದರು. 2000ದ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಅವರು ರೂಪಿಸಿದ ಯಂತ್ರದ ಹೆಸರು 'ಹ್ಯಾಪ್ಟಿಕ್ ಕೌ'. ಗರ್ಭಕೋಶ, ಅಂಡಾಶಯಗಳ ಗಟ್ಟಿ ಮೆತ್ತಗೆಯನ್ನು ಕಂಪ್ಯೂಟರು ವಿದ್ಯಾರ್ಥಿಯ ಬೆರಳಿಗೆ ತಾಗಿಸುತ್ತದೆ. ಬೆರಳು ಎಲ್ಲಿದೆಯೆಂದು ಗುರುವಿಗೆ ಪರದೆಯ ಮೇಲೆ ಕಾಣುತ್ತದೆ. ಹತ್ತು ಜನ ಕೈ ಹಾಕಿದರೂ ಯಂತ್ರದ ಹಸುವಿಗೆ ನೋವಿಲ್ಲ, ಒದೆಯುವ ಕಾಲೂ ಇಲ್ಲ. ಆ ಕಾಲಿನ ಪಾಠಕ್ಕೆ ಮತ್ತೆ ಟ್ರೆವಿಸ್ಸಿಗೇ ಬರಬೇಕು.

ತಪ್ಪು ಹೇಳಿದರೆ ಏನಾಗುತ್ತದೆ? ಗಬ್ಬ ನಿಂತಿಲ್ಲದ ಹಸುವನ್ನು ನಿಂತಿದೆ ಎಂದರೆ ಮನೆಯವರು ಬೆದೆಯ ಕಡೆ ಕಣ್ಣು ಹಾಯಿಸುವುದನ್ನೇ ಬಿಡುತ್ತಾರೆ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ, ಇರುವುದು ಒಂದು ದಿನಕ್ಕಿಂತ ಕಡಿಮೆ. ಹಾಗೆ ಎರಡು ಮೂರು ಸುತ್ತು ತಪ್ಪಿದರೆ ಕರುವೂ ಹಾಲೂ ತಿಂಗಳುಗಟ್ಟಲೆ ಹಿಂದೆ ಬಿದ್ದವು, ಮೇವಿನ ಖರ್ಚು ಮಾತ್ರ ನಿಲ್ಲಲಿಲ್ಲ. ಆದ್ದರಿಂದ "ಈಗ ಖಚಿತವಾಗಿ ಹೇಳಲಾರೆ, ಇನ್ನೊಂದು ತಿಂಗಳು ಬಿಟ್ಟು ಹೊಡೆದುಕೊಂಡು ಬನ್ನಿ" ಎನ್ನುವುದೂ ಒಂದು ಕೌಶಲವೇ. ಇಪ್ಪತ್ಮೂರರ ವಯಸ್ಸಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಆ ಮಾತು ಬಾಯಿಗೆ ಬರುವುದು ಬಲು ಕಷ್ಟ.

ಕೈ ಉಳಿಸಿಕೊಳ್ಳುವುದನ್ನೂ ಕಲಿಯಬೇಕು. ಹಸು ಜೊಲ್ಲು ಸುರಿಸುತ್ತ ವಿಕಾರವಾಗಿ ಕೂಗುತ್ತಿದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರು ಹೇಳುತ್ತಾರೆ. ಹೊಸಬ ತಟ್ಟನೆ ಬಾಯಿಗೆ ಕೈ ಹಾಕುತ್ತಾನೆ. ಅನುಭವಿ ಮೊದಲು ಕೇಳುವುದು, ಈಚೆಗೆ ನಾಯಿಯೇನಾದರೂ ಕಚ್ಚಿತ್ತೇ ಎಂದು. ರೇಬಿಸ್ ಹಿಡಿದ ದನ ಎಷ್ಟೋ ಸಲ ಹೀಗೇ ಕಾಣಿಸಿಕೊಳ್ಳುತ್ತದೆ. ಬರಿಗೈಯಲ್ಲಿ ಕಸ ತೆಗೆಯಲು ಹೋಗಿ ಬ್ರುಸೆಲ್ಲಾ ಜ್ವರ ಅಂಟಿಸಿಕೊಳ್ಳುವ ಅಪಾಯ ಬೇರೆ.

'ಕಸ' ಎಂದಾಗ ಭಾಷೆಯ ಮಾತು ಬಂತು. ಈದ ಹಸುವಿನಿಂದ ಬೀಳಬೇಕಾದ ಅದನ್ನೇ ಒಂದು ಸೀಮೆಯಲ್ಲಿ ಮಾಸು ಎಂದರೆ ಇನ್ನೊಂದರಲ್ಲಿ ಸತ್ತೆ ಎನ್ನುತ್ತಾರೆ. ಹಾಸನದ ಹಸು ಗದಗದಲ್ಲಿ ಆಕಳು. ಒಬ್ಬರು ಗಬ್ಬ ಅಂದರೆ ಮತ್ತೊಬ್ಬರು ಫಲ ಆಗಿದೆ ಅನ್ನುತ್ತಾರೆ. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಅಖಿಲ ಭಾರತ ಕೋಟಾದಲ್ಲಿ ಬೇರೆ ರಾಜ್ಯಗಳಿಂದ ಬಂದ ಹುಡುಗರಂತೂ ಕನ್ನಡವನ್ನೇ ಹೊಸದಾಗಿ ಕಲಿಯಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಕನ್ನಡದ ಮಕ್ಕಳ ಪಾಡೂ ಅವರಿಗಿಂತ ಮೇಲೇನಲ್ಲ.

ಭಾಷೆ ಬಂದರೂ ತಾಳ್ಮೆ ಬರಬೇಕಲ್ಲ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ವೈದ್ಯ-ರೋಗಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ನೋಡಿತ್ತು. ರೋಗಿ ಬಾಯಿ ತೆರೆದ ಮೇಲೆ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ಅದು ಮನುಷ್ಯರ ಆಸ್ಪತ್ರೆಯ ಕತೆ. ದನದ ಆಸ್ಪತ್ರೆಯಲ್ಲಿ ರೋಗಿಗೆ ಮಾತೇ ಇಲ್ಲ, ಮಾತಾಡುವವರು ಅದರ ಪರವಾಗಿ ಬಂದವರು. ಅವರನ್ನೂ ತಡೆದರೆ ಉಳಿಯುವುದು ಥರ್ಮಾಮೀಟರು.

ಮಾತು ನಿಜಕ್ಕೂ ಕಠಿಣವಾಗುವುದು ಹಣ ನಡುವೆ ಬಂದಾಗ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟರೆ, ಆ ಔಷಧಕ್ಕೆ ಗೊತ್ತುಮಾಡಿದಷ್ಟು ದಿನ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಕುಡಿದವರ ಮೈಗೆ ಔಷಧದ ಅಂಶ ಸೇರುತ್ತದೆ, ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಕೂರುವುದಿಲ್ಲ. ಆದರೆ ಎರಡೇ ಹಸುವಿರುವ ಮನೆಗೆ ಡೈರಿಯ ಬಟವಾಡೆ ಎಂದರೆ ದಿನಸಿ ಅಂಗಡಿಯ ಲೆಕ್ಕ, ಮಕ್ಕಳ ಬಸ್ ಪಾಸು. "ಹಾಲು ಚೆಲ್ಲಿ" ಎಂದು ಬರೆದುಕೊಟ್ಟು ಕೈತೊಳೆದುಕೊಂಡರೆ ಆ ಹಾಲು ಸಂಜೆಯೇ ಡೈರಿಯ ಕ್ಯಾನಿನಲ್ಲಿರುತ್ತದೆ. ಎಷ್ಟು ದಿನ, ಯಾಕೆ, ಬೇರೆ ಔಷಧ ಇದೆಯೇ, ಇದ್ದರೆ ಎಷ್ಟಾಗುತ್ತದೆ ಎಂದು ಎದುರು ಕೂತು ಲೆಕ್ಕ ಹಾಕಬೇಕು. ಈ ಪಾಠ ಇಂಟರ್ನ್‌ಶಿಪ್ಪಿನಲ್ಲೇ ಆಗದಿದ್ದರೆ ಮೊದಲ ಪೋಸ್ಟಿಂಗಿನಲ್ಲಿ ರೈತನ ಖರ್ಚಿನಲ್ಲಿ ಆಗುತ್ತದೆ.

ಇನ್ನು ಬರವಣಿಗೆ. ಕಿವಿಯೋಲೆಯ 12 ಅಂಕಿಗಳಲ್ಲಿ ಒಂದು ತಪ್ಪಾದರೂ ಸತ್ತ ಹಸುವಿನ ವಿಮೆ ಹಣ ತಡೆಯಬಹುದು. ಮರಣೋತ್ತರ ಪರೀಕ್ಷೆಯ ವರದಿ ನಾಳೆ ಕೋರ್ಟಿನ ಮೇಜಿನ ಮೇಲಿರಬಹುದು. 1984ರ ಪಶುವೈದ್ಯ ಪರಿಷತ್ ಕಾಯ್ದೆ ಇಂಥ ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರವನ್ನು ನೋಂದಾಯಿತ ವೈದ್ಯರಿಗೆ ಕೊಟ್ಟಿದೆ. ಪರಿಚಯದವರು ಬಂದು "ಒಂದು ಸಹಿ ತಾನೇ" ಎನ್ನುವ ದಿನವೂ ಬಂದೇ ಬರುತ್ತದೆ.

ಕಾಲೇಜಿನಲ್ಲಿ ಕಲಿತ ಔಷಧವೇ ಮುಂದೆ ಕೈಕೊಡುವುದುಂಟು. ದನಗಳ ನೋವಿಗೂ ಬಾವಿಗೂ ಡೈಕ್ಲೋಫೆನಾಕ್ ಚುಚ್ಚುವುದು ಒಂದು ಕಾಲಕ್ಕೆ ತೀರ ಮಾಮೂಲು. ಅದನ್ನು ಚುಚ್ಚಿಸಿಕೊಂಡು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆ ಎಂದು 2004ರಲ್ಲಿ ಗೊತ್ತಾಗುವ ಹೊತ್ತಿಗೆ ದೇಶದ ಆಕಾಶ ಖಾಲಿಯಾಗಿತ್ತು. 2006ರಲ್ಲಿ ಪಶುಗಳಿಗೆ ಅದು ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್‌ಗಳೂ ಅದೇ ಹಾದಿ ಹಿಡಿದವು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಆ ಬೆಟ್ಟದ ಸುತ್ತಲ ಹಳ್ಳಿಗಳಲ್ಲಿ ಬರೆಯುವ ಚೀಟಿಗೂ ಬೆಟ್ಟದ ಗೂಡಿಗೂ ನೇರ ನಂಟಿದೆ. ಹಳೆಯ ನೋಟ್ಸನ್ನೇ ನಂಬಿ ಕೂತ ವೈದ್ಯನಿಗೆ ಇದು ತಿಳಿಯುವುದು ಹೇಗೆ?

ಕೆಲಸಗಳಿಗೇನೂ ಬರವಿಲ್ಲ. ಇಲಾಖೆ, ಹಾಲು ಒಕ್ಕೂಟ, ಕೋಳಿ ಉದ್ಯಮ, ಮೃಗಾಲಯ, ಸಕ್ರೆಬೈಲಿನಂಥ ಆನೆ ಬಿಡಾರ, ಸೇನೆಯ ರಿಮೌಂಟ್ ಮತ್ತು ಪಶುವೈದ್ಯ ದಳ, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆ, ಬೆಂಗಳೂರಿನ ನಾಯಿ-ಬೆಕ್ಕಿನ ಕ್ಲಿನಿಕ್ಕು. ಅಮೆರಿಕಕ್ಕೆ ಹೋಗುವವರು ಅಲ್ಲಿನ ಲಿಖಿತ ಪರೀಕ್ಷೆಯ ಜೊತೆಗೆ, ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯನ್ನೂ ದಾಟಬೇಕಾಗುತ್ತದೆ. ಇಲ್ಲಿ ಕುದುರೆ ಮುಟ್ಟದೆ ಪಾಸಾದವರು ಅಲ್ಲಿ ಪೇಚಿಗೆ ಸಿಗುತ್ತಾರೆ. ನಗರದ ಕ್ಲಿನಿಕ್ಕಿನಲ್ಲಿ ಬೇರೆಯದೇ ಕಷ್ಟ. ಹದಿನಾಲ್ಕು ವರ್ಷ ಜೊತೆಗಿದ್ದ ನಾಯಿಗೆ ಇನ್ನು ನೋವಿಲ್ಲದ ಸಾವೇ ದಾರಿ ಎಂದು ಆ ಮನೆಯವರಿಗೆ ಹೇಳಬೇಕು. ಹೇಳಿ, ಮಾಡಿ, ಕೈ ತೊಳೆದು, ಹತ್ತು ನಿಮಿಷದಲ್ಲಿ ಪಕ್ಕದ ಮೇಜಿನ ಮರಿಗೆ ಲಸಿಕೆ ಹಾಕಬೇಕು. ಇಂಥ ದಿನದ ಕೊನೆಗೆ ಯಾರ ಹತ್ತಿರ ಮಾತಾಡುವುದು ಎಂಬುದನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಗೊತ್ತುಮಾಡಿಕೊಂಡಿದ್ದರೆ ಒಳ್ಳೆಯದು.

ಅತ್ತ ಟ್ರೆವಿಸ್‌ನಲ್ಲಿ ಹಸು ಇನ್ನೂ ನಿಂತಿದೆ. ಹಾಸನದ ಕಾಲೇಜಿನ ಆಸ್ಪತ್ರೆಗೆ ಒಯ್ಯಬೇಕು, ಎಡಪಕ್ಕೆ ಕೊಯ್ದು ಹೊಟ್ಟೆಯೊಳಗೆ ಕೈಯಿಟ್ಟು ತಂತಿ ಹುಡುಕಬೇಕು. ಗಾಡಿ ಸಿಗುವವರೆಗೆ ಮುಂಗಾಲು ಎತ್ತರದಲ್ಲಿರುವಂತೆ ಕಟ್ಟಬೇಕು. ಹಿರಿಯರು ರೆಫರೆನ್ಸ್ ಚೀಟಿಯನ್ನು ಹುಡುಗಿಯ ಕೈಯಿಂದಲೇ ಬರೆಸಿದರು. ಅಜ್ಜಿ ಮಗನಿಗೆ ಫೋನು ಹಚ್ಚಿ, ಹಗ್ಗವನ್ನು ಎಡಗೈಗೆ ಸುತ್ತಿಕೊಂಡು, ಬಲಗೈಯಲ್ಲಿದ್ದ ಮೊಬೈಲನ್ನು ಅವಳ ಮುಂದೆ ಚಾಚಿದಳು.

"ಉಳೀತದಾ ಮೇಡಂ?" ಆ ಕಡೆಯಿಂದ ಮೊದಲ ಪ್ರಶ್ನೆ.

ಹುಡುಗಿ ಒಮ್ಮೆ ಹಿರಿಯರ ಕಡೆ ನೋಡಿದಳು. ಅವರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

"ತಂತಿ ಎಲ್ಲೀತನಕ ಹೋಗಿದೆ ಅಂತ ಹೊಟ್ಟೆ ತೆರೆದು ನೋಡಿದ ಮೇಲೇ ಗೊತ್ತಾಗೋದು ಅಣ್ಣ. ಎಷ್ಟು ಖರ್ಚು ಬರಬಹುದು ಅಂತ ಮೊದಲು ಹೇಳ್ತೀನಿ, ಕೇಳಿ."