ಸಿಂಬಿಯೂ ಟೋರಸ್ಸೂ

ಕಲಬುರಗಿಯ ಅಂಚಿನ ಕಪನೂರದಲ್ಲಿ ನನ್ನ ಅಣ್ಣನ ಮಗನ ಸಂಸಾರವಿದೆ. ಒಂದು ಸಂಜೆ ಅವನು ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದ. ಅವನ ಏಳು ವರ್ಷದ ಮಗ ಕಟ್ಟೆಯಿಂದ ಅಂಗೈಯೂರಿ ಬಿದ್ದಿದ್ದ. ಕ್ಷಕಿರಣದ ವರದಿಯಲ್ಲಿ ‘ಟೋರಸ್ ಫ್ರಾಕ್ಚರ್’ ಎಂದು ಬರೆದಿತ್ತು. ಟೋರಸ್ ಎಂದರೆ ನಡುವೆ ತೂತಿರುವ ಆಕೃತಿಯೆಂದು ಓಣಿಯ ಕಾಲೇಜು ಹುಡುಗನೊಬ್ಬ ಹೇಳಿಬಿಟ್ಟಿದ್ದ.

“ಕಾಕಾ, ಹುಡುಗನ ಎಲುಬಿನಾಗ ತೂತು ಬಿದ್ದದ ಏನ್ರಿ?”

ನಾನು ಗಣಿತ ಕಲಿಸಿ ನಿವೃತ್ತನಾದವನು. ನನಗೂ ಗೊತ್ತಿದ್ದುದು ಆ ತೂತಿನ ಟೋರಸ್ಸೇ. ಸಮಾಧಾನ ಹೇಳಲು ಮಾತು ಸಿಗಲಿಲ್ಲ.

ಒಂದು ವೃತ್ತವನ್ನು, ಅದೇ ಸಮತಲದಲ್ಲಿದ್ದೂ ಅದನ್ನು ಮುಟ್ಟದ ಸರಳರೇಖೆಯೊಂದರ ಸುತ್ತ ತಿರುಗಿಸಿದರೆ ಮೂಡುವ ಮೈಯನ್ನು ಗಣಿತದಲ್ಲಿ ಟೋರಸ್ ಎನ್ನುತ್ತೇವೆ. ನಮ್ಮ ಕೋಡುಬಳೆಯೇ ಅದು. ಹರಿಯದೆ, ಅಂಟಿಸದೆ ಆಕೃತಿಗಳನ್ನು ಹಿಗ್ಗಿಸಿ ಕುಗ್ಗಿಸಿ ನೋಡುವ ಟೊಪಾಲಜಿಯ ಪಂಡಿತರಿಗೆ ಕೋಡುಬಳೆಗೂ ಹಿಡಿಯುಳ್ಳ ಚಹಾದ ಕಪ್ಪಿಗೂ ಭೇದವಿಲ್ಲ. ತಿನ್ನುವವರಿಗೆ ಉಂಟು, ಆ ಮಾತು ಬೇರೆ. ಗುಜರಾತಿನ ಗಾಂಧಿನಗರದಲ್ಲಿ 1989ರಲ್ಲಿ ಚಾಲನೆಗೊಂಡ ‘ಆದಿತ್ಯ’ ಯಂತ್ರದಲ್ಲಿ ಕಾದ ಪ್ಲಾಸ್ಮಾವನ್ನು ಕಾಂತಬಲದಿಂದ ಹಿಡಿದಿಟ್ಟದ್ದೂ ಇದೇ ಆಕಾರದ ಪಾತ್ರೆಯೊಳಗೆ.

ಆದರೆ ಮೂಲ ಲ್ಯಾಟಿನ್ನಿನಲ್ಲಿ ಈ ಪದಕ್ಕೆ ತೂತಿನ ಗೊಡವೆಯೇ ಇಲ್ಲ. ಅಲ್ಲಿ ಅದು ಉಬ್ಬು, ದಿಂಬು, ಮೆತ್ತೆ. ಮೇಲಿನ ಭಾರಕ್ಕೆ ಉಬ್ಬಿತೋ ಎಂಬಂತೆ ಕಂಬದ ಬುಡವನ್ನು ಬಳಸಿ ನಿಂತ ಕಲ್ಲಿನ ದುಂಡು ಪಟ್ಟಿಗೂ ಆ ಹೆಸರು ಬಂತು. ನಮ್ಮ ದೇಗುಲಗಳ ಅಧಿಷ್ಠಾನದಲ್ಲಿ ದುಂಡು ಕುಮುದವನ್ನು ಕಂಡವರಿಗೆ ಅದರ ರೂಪ ಹೊಸತಲ್ಲ. ಗಣಿತಜ್ಞ ಕಂಬವನ್ನು ಕಿತ್ತುಹಾಕಿ ಪಟ್ಟಿಯನ್ನಷ್ಟೇ ಇಟ್ಟುಕೊಂಡ. ಕಂಬವಿದ್ದ ಎಡೆ ತೂತಾಯಿತು. ವೈದ್ಯನಿಗೆ ಬೇಕಾದದ್ದು ಉಬ್ಬು ಮಾತ್ರ.

ಮರುದಿನ ಪರಿಚಯದ ಎಲುಬಿನ ವೈದ್ಯರೊಬ್ಬರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಕ್ಕಳ ಎಲುಬು ಮೆದು. ಉದ್ದುದ್ದಕ್ಕೆ ಒತ್ತು ಬಿದ್ದಾಗ ಅದು ಎರಡು ತುಂಡಾಗದೆ, ಮಣಿಕಟ್ಟಿನ ಹತ್ತಿರ, ಕಂಬದ ಬುಡದಂತೆ ಹೊರಕ್ಕೆ ಉಬ್ಬುತ್ತದೆ. ಸಾಮಾನ್ಯವಾಗಿ ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಅವರ ಮಾತಿನಿಂದ ನನ್ನದೇ ಇನ್ನೊಂದು ಸಂಶಯವೂ ತೀರಿತು. ನನ್ನ ಅಂಗುಳಿನ ನಡುವೆ ಬಹುಕಾಲದಿಂದ ಗಟ್ಟಿಯಾದ ಗುಬಟೊಂದಿದೆ. ಒಳಗೊಳಗೇ ಅರ್ಬುದದ ಭಯ ಹೊತ್ತು ತಿರುಗಿದ್ದೆ. ನೋಡಿದರು: ಅದೂ ಟೋರಸ್ಸೇ, ನಿರಪಾಯದ ಎಲುಬಿನ ಬೆಳವಣಿಗೆ; ಹಲ್ಲಿನ ಸೆಟ್ಟಿಗೆ ಅಡ್ಡಬಂದರಷ್ಟೇ ತೆಗೆಯಬೇಕು. ಸಸ್ಯಶಾಸ್ತ್ರದವರು ಇದೇ ಪದದಿಂದ ಹೂವಿನ ದಳಗಳಿಗೆ ಆಧಾರವಾದ ಪೀಠವನ್ನು ಕರೆಯುತ್ತಾರೆ. ತಾವರೆಯ ಕರ್ಣಿಕೆ ಅಂಥದು.

ಇದಕ್ಕೆಲ್ಲ ಕನ್ನಡದಲ್ಲಿ ಒಂದೇ ಪದ ಹುಡುಕುವುದು ವ್ಯರ್ಥವೆಂದು ನಾನು ಅತ್ತಿಗೆಯವರಿಗೆ ವಿವರಿಸುತ್ತಿದ್ದೆ. ಅವರು ಎಲ್ಲವನ್ನೂ ಕೇಳಿ, “ಸಿಂಬಿ ಅನ್ರೆಲ್ಲ” ಎಂದರು. ಬಟ್ಟೆ ಸುತ್ತಿ, ತಲೆಯ ಮೇಲಿಟ್ಟು, ಕೊಡ ಹೊರುವ ಸಿಂಬಿ! ಅದು ಮೆತ್ತೆಯೂ ಹೌದು, ನಡುವೆ ತೂತೂ ಉಂಟು. ಗಣಿತಕ್ಕೆ ನಾನು ಅದನ್ನು ಒಪ್ಪಿಕೊಂಡಿದ್ದೇನೆ. ವೈದ್ಯರು ಮಾತ್ರ ‘ಉಬ್ಬು ಮುರಿತ’ ಎಂದೇ ಹೇಳಲಿ. ಅಷ್ಟು ಹೇಳಿದ್ದರೆ ಆ ತಂದೆಯ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಹುಡುಗನ ಪಟ್ಟಿಯನ್ನು ಇಪ್ಪತ್ತೆರಡನೆಯ ದಿನ ಬಿಚ್ಚಿದರು. ಮತ್ತೆ ಅದೇ ಕಟ್ಟೆ ಹತ್ತಿದ್ದಾನೆ.