ತುದಿಯಿಲ್ಲದ ಎಳೆ



ಜೀವಕೋಶದ ಆರ್‌ಎನ್‌ಎ ಎಳೆಗೆ ಸಾಮಾನ್ಯವಾಗಿ ಎರಡು ತುದಿ. ಕೆಲಸ ಮುಗಿದ ಮೇಲೆ ಕಿಣ್ವಗಳು ಕಬ್ಬು ಜಗಿದಂತೆ ತುದಿಯಿಂದ ಅದನ್ನು ಜಗಿದುಬಿಡುತ್ತವೆ. ಆದರೆ ಕೆಲವು ಎಳೆಗಳ ಬಾಲ ಹಿಂದಕ್ಕೆ ತಿರುಗಿ ತಲೆಗೇ ಬೆಸೆದುಕೊಳ್ಳುತ್ತದೆ. ಎಳೆ ಬಳೆಯಾಯಿತು, ಬಳೆಗೆ ತುದಿಯೆಲ್ಲಿ? ಹಾಗಾಗಿ ಅದು ಬೇಗ ಸವೆಯುವುದಿಲ್ಲ. ಇದೇ ವರ್ತುಲ ಆರ್‌ಎನ್‌ಎ.

1979ರಲ್ಲಿಯೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇವನ್ನು ಮಾನವ ಕೋಶಗಳಲ್ಲಿ ತೋರಿಸಿತ್ತು. ಆದರೂ ಬಹುಕಾಲ ಇವನ್ನು ಕೋಶ ಆರ್‌ಎನ್‌ಎ ತುಣುಕುಗಳನ್ನು ಹೊಲಿಯುವಾಗಿನ ತಪ್ಪೆಂದೇ ಬಗೆದರು. ಇವು ಸಾವಿರಾರು ಬಗೆಯಲ್ಲಿವೆ ಎಂದು ಮನವರಿಕೆಯಾದದ್ದು 2012-13ರ ಸುಮಾರಿಗೆ.

ಈಗ ಯಕೃತ್ತಿಗೆ ಬರೋಣ. 2022ರಲ್ಲಿ ಜಗತ್ತಿನಲ್ಲಿ ಸುಮಾರು 7.58 ಲಕ್ಷ ಜನ ಯಕೃತ್ತಿನ ಕ್ಯಾನ್ಸರ್‌ಗೆ ಬಲಿಯಾದರು. 2017ರಲ್ಲಿ ಚೀನಾದ ಸಂಶೋಧಕರು ಸರ್ಕ್‌ಎಂಟಿಒ1 ಎಂಬ ವರ್ತುಲವೊಂದರ ಕಥೆ ಹೇಳಿದರು. ಕೋಶ ವಿಭಜನೆಗೆ ಪಿ21 ಎಂಬ ಪ್ರೋಟೀನು ಕಡಿವಾಣ. ಮೈಕ್ರೋಆರ್‌ಎನ್‌ಎ-9 ಎಂಬ ಪುಟಾಣಿ ಆರ್‌ಎನ್‌ಎ ತುಣುಕು ಆ ಕಡಿವಾಣವನ್ನು ಸಡಿಲಿಸುತ್ತದೆ. ವರ್ತುಲವು ಈ ಮೈಕ್ರೋಆರ್‌ಎನ್‌ಎಯನ್ನು ಸ್ಪಂಜಿನಂತೆ ಹೀರಿ ಹಿಡಿದಿಟ್ಟುಕೊಂಡು ಪಿ21 ಅನ್ನು ಕಾಯುತ್ತದೆ. ಗೆಡ್ಡೆಯಲ್ಲಿ ಈ ವರ್ತುಲವೇ ಕುಗ್ಗಿತ್ತು. ಅದು ಕಡಿಮೆಯಿದ್ದ ರೋಗಿಗಳು ಬದುಕಿದ ಅವಧಿಯೂ ಕಡಿಮೆ. ಇಲಿಗಳ ಗೆಡ್ಡೆಯಲ್ಲಿ ಇದನ್ನು ಅಡಗಿಸಿದಾಗ ಗೆಡ್ಡೆ ಇನ್ನಷ್ಟು ಬೆಳೆಯಿತು. ಎಲ್ಲ ವರ್ತುಲಗಳೂ ಹೀಗೆ ಕಾವಲುಗಾರರಲ್ಲ, ಕೆಲವು ಗೆಡ್ಡೆಗೇ ನೆರವಾಗುತ್ತವೆ.

ಈ 'ಸ್ಪಂಜಿನ' ವಿವರಣೆ ಮನಸೆಳೆಯುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಬೇಕು. ಮಿದುಳಿನಲ್ಲಿ ಹೇರಳವಾಗಿರುವ ಒಂದು ವರ್ತುಲದಲ್ಲಿ ಮೈಕ್ರೋಆರ್‌ಎನ್‌ಎ-7 ಕೂರಲು 70ಕ್ಕೂ ಹೆಚ್ಚು ತಾಣಗಳಿವೆ. ಹೆಚ್ಚಿನ ವರ್ತುಲಗಳಲ್ಲಿ ಇಂಥ ತಾಣಗಳಿರುವುದು ಬೆರಳೆಣಿಕೆಯಷ್ಟು. ಕೋಶದಲ್ಲಿ ಅವುಗಳ ಪ್ರತಿಗಳೂ ವಿರಳ. ಹನಿ ಹೀರುವ ಅರಿವೆ ಕೆರೆಯನ್ನು ಬತ್ತಿಸೀತೇ? ಪ್ರತಿಯೊಂದು ವರ್ತುಲಕ್ಕೂ ಈ ಪ್ರಶ್ನೆ ಕೇಳದೆ ಔಷಧದ ಮಾತಾಡಬಾರದು ಎಂಬುದು ನನ್ನ ನಿಲುವು. ರೋಗಪತ್ತೆಯ ಕಡೆಗೆ ನನಗೆ ಹೆಚ್ಚು ಭರವಸೆ: ಸವೆಯದ ಬಳೆ ರಕ್ತದಲ್ಲೂ ಉಳಿಯುತ್ತದೆ, ಸಿರಿಂಜಿಗೆ ಸಿಗುತ್ತದೆ.

ಯಕೃತ್ತಿಗೆ ಹೊರಗಿನಿಂದ ಬರುವ ವರ್ತುಲವೂ ಒಂದಿದೆ. ಹೆಪಟೈಟಿಸ್ ಡಿ ವೈರಸ್ಸಿನ ಜೀನೋಮೇ ಸುಮಾರು 1,700 ಅಕ್ಷರಗಳ ಆರ್‌ಎನ್‌ಎ ಬಳೆ. ಅದಕ್ಕೆ ಸ್ವಂತ ಹೊದಿಕೆಯಿಲ್ಲ, ಹೆಪಟೈಟಿಸ್ ಬಿ ವೈರಸ್ಸಿನಿಂದ ಎರವಲು ಪಡೆಯಬೇಕು. ಎರಡೂ ಸೇರಿದರೆ ಯಕೃತ್ತು ಬೇಗ ಗಟ್ಟಿಯಾಗುತ್ತದೆ, ಕ್ಯಾನ್ಸರಿನ ಅಪಾಯ ಏರುತ್ತದೆ. ಆದ್ದರಿಂದ ಹುಟ್ಟಿದ 24 ಗಂಟೆಯೊಳಗೆ ಕೂಸಿನ ತೊಡೆಗೆ ಚುಚ್ಚುವ ಹೆಪಟೈಟಿಸ್ ಬಿ ಲಸಿಕೆ, ಆ ಬಳೆಗೂ ಬಾಗಿಲು ಹಾಕುತ್ತದೆ.